‘ನಿನಗಾಗಿ’ ಆದಮೇಲೆ

ಗಂಡನ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ನಯನಾ ತನ್ನೊಬ್ಬಳಿಗೇ ಚಹಾಕ್ಕಿಟ್ಟಳು. ಪಕ್ಕದ ಮನೆಯ ಫೋನಿನಲ್ಲಿ ಯಾವುದೋ ಹುಡುಗಿ ಗಿಟಾರ್ ನುಡಿಸುತ್ತ ಹಾಡುತ್ತಿದ್ದಳು: ‘ಹೊಳೆಯಾಚೆಯವನೇ, ನಿನಗಾಗಿ...’ ಅಲ್ಲಿ ತುಸು ನಿಂತು, ‘ದೀಪ ಹಚ್ಚಿರುವೆ’ ಎಂದಳು.

ನಯನಾ ಚಹಾ ಉಕ್ಕಿದ್ದನ್ನೂ ನೋಡಲಿಲ್ಲ. ಆ ನಿಲುಗಡೆ ತನ್ನೊಬ್ಬಳದಾಗಿತ್ತಲ್ಲ.

ಗಂಡ ಬಕ್ಕೇಶ್ ಊರ ಪಕ್ಕದ ಕರೂರಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತ, ಮದುವೆಗಳ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದ. ಮನೆಯಲ್ಲಿ ಈ ಹಾಡು ಗುನುಗುವಾಗ ‘ನಿನಗಾಗಿ’ ಆದಮೇಲೆ ನಿಲ್ಲಿಸಿ, ಅವಳ ಮುಖ ನೋಡಿ, ಆಮೇಲೆ ಮುಂದುವರಿಯುತ್ತಿದ್ದ. ಈಗ ಫೋನಿನಲ್ಲಿ ಹುಡುಕಿದರೆ ಮದುವೆ ಬ್ಯಾಂಡಿನ ಕ್ಲಾರಿನೆಟ್ಟೂ ಅಲ್ಲೇ ನಿಲ್ಲುತ್ತಿತ್ತು. ಧಾಟಿ ಉಳಿಸಿಕೊಂಡು ಶಿವನ ಹೆಸರು ಸೇರಿಸಿದ ಭಜನಾ ಮಂಡಳಿಯೂ ಅಲ್ಲೇ ಉಸಿರು ಹಿಡಿಯುತ್ತಿತ್ತು.

ಕಪಾಟಿನಲ್ಲೊಂದು ಕ್ಯಾಸೆಟ್ಟಿತ್ತು. ಈ ಹಾಡನ್ನು ಮೊದಲು ಹಾಡಿದ ಹರಿಹರದ ಶಹಜಾದಿಯದು. ಕಲಿಯಲೆಂದು ಆಕೆಯಿಂದಲೇ ಎರವಲು ತಂದ ಬಕ್ಕೇಶ್ ವಾಪಸ್ ಕೊಟ್ಟಿರಲಿಲ್ಲ. ಹಳೆಯ ಟೇಪ್ ರೆಕಾರ್ಡರಿಗೆ ಹಾಕಿದಳು. ತುಂಬಿದ ಎಳೆಯ ದನಿ. ‘ನಿನಗಾಗಿ’ ಆದಮೇಲೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಿತು. ಮಣ್ಣು ಮಾಡಿದ ದಿನವೂ ಬಾರದ ಕಣ್ಣೀರು ಈಗಲೂ ಬರಲಿಲ್ಲ. ಹೊಟ್ಟೆಕಿಚ್ಚು ಬಂತು.

ಹರಿಹರದ ಬಸ್ಸಿನಲ್ಲಿ ಕೂತು ಕ್ಯಾಸೆಟ್ಟಿನ ಟೇಪಿಗೆ ಬೆರಳು ಹಾಕಿ ಗೇಣುದ್ದ ಹೊರಗೆಳೆದಳು. ಇನ್ನೊಂದು ಸಲ ಜಗ್ಗಿದರೆ ಹರಿಯುತ್ತಿತ್ತು. ಆದರೆ ಮೊದಲು ಆಕೆಯನ್ನು ನೋಡಬೇಕಿತ್ತು.

ಅರವತ್ತು ದಾಟಿದ ಶಹಜಾದಿ ಮನೆ ಬಾಗಿಲಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ಬಕ್ಕೇಶ್ ತೀರಿಕೊಂಡ ಸುದ್ದಿ ಕೇಳಿ ಸೆರಗನ್ನು ತಲೆಯ ಮೇಲೆಳೆದುಕೊಂಡಳು.

“ಬರ್ರಿ, ಕೂಡ್ರಿ. ‘ಅಕ್ಕಾ, ಅಲ್ಲಿ ಯಾಕ ನಿಂತ್ರಿ’ ಅಂತ ಭಾಳ ಕಾಡ್ತಿದ್ರವ್ವ ನಿಮ್ಮನೆಯವ್ರು.”

“ಯಾಕ ನಿಂತ್ರಿ?” ನಯನಾಳ ದನಿ ಗಡುಸಾಗಿತ್ತು. “ಯಾರಿಗೋಸ್ಕರ?”

ಶಹಜಾದಿ ಒಳಗೆ ಮಂಚದ ಮೇಲೆ ಪೇಪರ್ ಓದುತ್ತಿದ್ದ ಗಂಡ ಹಿದಾಯತನತ್ತ ಗದ್ದ ಎತ್ತಿದಳು. “ಈ ಸಾಹೇಬ್ರಿಗೆ. ತಬಲಾ ಇವರದು. ಅಲ್ಲಿ ತಾಳ ತಪ್ಪಿದ್ರು. ಬರ್ಲಿ ಅಂತ ಕಾದೆ. ಸ್ಟುಡಿಯೋದವ ‘ಇರ್ಲಿ ಬಿಡ್ರಿ, ಚೆಂದ ಐತೆ’ ಅಂದ. ಈಗ ನೋಡ್ರಿ, ಊರಿಗೂರೇ ಕಾಯ್ತೈತೆ.”

“ನಾನೆಲ್ಲಿ ತಪ್ಪಿದ್ದೆ? ನೀನೇ ಮುಂದ್ ಓಡಿದ್ದಿ,” ಎಂದ ಹಿದಾಯತ್, ತಲೆಯೆತ್ತದೆ.

“ಕೂದ್ಲು ಬೆಳ್ಳಗಾದ್ರೂ ಒಪ್ಪಂಗಿಲ್ಲ.”

ನಯನಾ ಇಬ್ಬರನ್ನೂ ನೋಡಿದಳು. ಆ ಎಳೆಯ ದನಿಯ ಮೇಲಿದ್ದ ಹೊಟ್ಟೆಕಿಚ್ಚು ಹೋಗಿತ್ತು. ಅದಕ್ಕಿಂತ ದೊಡ್ಡದು ಬಂದು ಕೂತಿತ್ತು. ಈಕೆ ಕಾದಾಗ ಈಕೆಯ ಗಂಡ ಬಂದಿದ್ದ. ಇನ್ನೂ ಮಂಚದ ಮೇಲೆ ಕೂತು ಜಗಳ ಕಾಯುತ್ತಿದ್ದ.

ಕಿರುಬೆರಳಿನಿಂದ ಚಕ್ರ ತಿರುಗಿಸಿ, ಹೊರಗೆಳೆದಿದ್ದ ಟೇಪನ್ನು ಮೆಲ್ಲಗೆ ಒಳಗೆ ಸುತ್ತಿದಳು. ಕ್ಯಾಸೆಟ್ಟನ್ನು ಸೆರಗಿನಲ್ಲೊರೆಸಿ ಶಹಜಾದಿಯ ಕೈಗಿಟ್ಟಳು.

“ತಡ ಆತು, ತಗೊಳ್ರಿ.”