ನಿಮಿಷಕ್ಕೊಂದು ಪಹರೆ

"ನಾ ಬರದ ಸ್ಕ್ರಿಪ್ಟಿನಾಗ ತಪ್ಪು ಹುಡಕಾಕ ನೀ ಯಾರು? ಕೆಲಸಕ್ಕ ಬಂದು ಮೂರು ವರ್ಷ ಆಗಿಲ್ಲ, ನನಗ ಸಾಲಿ ಕಲಸ್ತಿ?" ಬಾಬಾಸಾಹೇಬ ಕೀಬೋರ್ಡನ್ನು ಮೇಜಿನ ಮೇಲೆ ಕುಕ್ಕಿದ.

ತಬಸ್ಸುಮ ಹಿಂದೆ ಸರಿಯಲಿಲ್ಲ. ಪರದೆಯ ಮೇಲೆ ಬೆರಳಿಟ್ಟಳು. "ನೀವ ನೋಡ್ರಿ ಕಾಕಾ. ಪ್ರೊಸೆಸರ್ ನೂರಕ್ಕ ತೊಂಬತ್ತೆಂಟು ತುಂಬೇತಿ. ಅದರಾಗ ಕಾಟಾದ ಕೆಲಸ ಬರೇ ಆರು. ಉಳಿದದ್ದನ್ನೆಲ್ಲಾ ನಿಮ್ಮ ಪಹರೆ ಸ್ಕ್ರಿಪ್ಟಗಳ ತಿನ್ನಾಕತ್ತಾವು."

ಕಿಟಕಿಯ ಹೊರಗೆ, ಸಕ್ಕರೆ ಕಾರ್ಖಾನೆಯ ಗೇಟಿನಿಂದ ಯಮಕನಮರಡಿ ರಸ್ತೆಯವರೆಗೆ ಕಬ್ಬಿನ ಚಕ್ಕಡಿಗಳು ನಿಂತಿದ್ದವು. ಕಾಟಾದ ಮೇಲೆ ಗಾಡಿ ಹತ್ತಿಸಿದರೆ ತೂಕದ ಚೀಟಿ ಬರಲು ಇಪ್ಪತ್ತು ನಿಮಿಷ. ಎತ್ತುಗಳು ನೊಗದಲ್ಲೇ ಮಂಡಿಯೂರಿದ್ದವು. ಬಿಸಿಲಿಗೆ ಕಬ್ಬು ಒಣಗಿ ತೂಕ ಇಳಿಯುತ್ತಿತ್ತು, ಜನ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಹನ್ನೆರಡರೊಳಗೆ ಸರಿಯಾಗದಿದ್ದರೆ ಕಂಪ್ಯೂಟರ್ ಕೋಣೆಗೆ ಬೀಗ, ನಾಳೆಯಿಂದ ಕೈಬರಹದ ಚೀಟಿ ಎಂದು ಎಂ.ಡಿ. ಸಾಹೇಬರು ಫೋನಿನಲ್ಲಿ ಹೇಳಿಬಿಟ್ಟಿದ್ದರು. ಆಗಲೇ ಹನ್ನೊಂದೂಕಾಲು. ಹಳ್ಳಿ ಸಾಲೆ ಮುಗಿಸಿ, ಪುಸ್ತಕ ನೋಡಿ ಸರ್ವರ್ ಕಲಿತ ನಲವತ್ತೇಳರ ಬಾಬಾಸಾಹೇಬನಿಗೆ ಇಲ್ಲಿ ಬೀಗ ಬಿದ್ದರೆ ಇನ್ನೆಲ್ಲಿ ಕುರ್ಚಿ?

ಹೋದ ಹಂಗಾಮಿನಲ್ಲಿ ಡಿಸ್ಕ್ ತುಂಬಿ ಸರ್ವರ್ ನಿಂತಾಗ ಅವನು ಆಡಳಿತ ಮಂಡಳಿಯ ಮುಂದೆ ತಲೆ ತಗ್ಗಿಸಿ ನಿಂತಿದ್ದ. ಅಂದಿನಿಂದ ಡಿಸ್ಕ್ ಕಾಯಲು ತಾನಾಗಿ ಓಡುವ ಒಂದು ಸ್ಕ್ರಿಪ್ಟ್, ಪ್ರಿಂಟರ್ ಕಾಯಲು ಒಂದು, ಕಾಟಾದ ಕೇಬಲ್ ಕಾಯಲು ಇನ್ನೊಂದು. ತಿಂದ ಬೈಗಳಿಗೆ ಒಂದೊಂದರಂತೆ ಹನ್ನೊಂದಾದವು. ಐದು ನಿಮಿಷಕ್ಕೊಮ್ಮೆ ಎದ್ದು ನೋಡುತ್ತಿದ್ದವು. ಈ ವಾರ ಯಂತ್ರ ನಿಧಾನವಾಯಿತೆಂದು ಹೆದರಿ, ಎಲ್ಲವನ್ನೂ ನಿಮಿಷಕ್ಕೊಮ್ಮೆ ಏಳುವಂತೆ ಮಾಡಿದ್ದ. ಈಗ ಹಿಂದಿನದು ಮುಗಿಯುವ ಮೊದಲೇ ಮುಂದಿನದು ಎದ್ದು ಒಂದರ ಮೇಲೊಂದು ಪೇರಿಕೊಳ್ಳುತ್ತಿದ್ದವು.

"ಜ್ವರ ಬಂದಾಂವನ್ನ ನಿಮಿಷಕ್ಕೊಮ್ಮೆ ಎಬ್ಬಿಸಿ, ನಿದ್ದಿ ಹತ್ತೇತೇನು ಅಂತ ಕೇಳಿದಂಗ ಆಗೇತಿ ಕಾಕಾ," ಎಂದಳು ತಬಸ್ಸುಮ. ಹನ್ನೊಂದನ್ನೂ ಒಂದರಲ್ಲಿ ಕೂಡಿಸಿ, ಅರ್ಧ ತಾಸಿಗೊಮ್ಮೆ ಓಡಿಸಿ, ಹಿಂದಿನದು ಮುಗಿಯದೆ ಹೊಸದು ಏಳದಂತೆ ತಡೆಯಿರಿ ಎಂದು ಮತ್ತೆ ಬಿಡಿಸಿ ಹೇಳಿದಳು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಎಂ.ಡಿ. ಸಾಹೇಬರ ದನಿ ಕೇಳಿದೊಡನೆ ಬಾಬಾಸಾಹೇಬ ಅವಳತ್ತ ಬೆನ್ನು ತಿರುಗಿಸಿದ.

"ಈ ಹುಡಿಗಿ ಏನೋ ಮಾಡಾಕ ಹೋಗಿ ಕೆಡಿಸ್ಯಾಳ್ರಿ ಸಾಹೇಬ್ರ. ನಾ ಸರಿ ಮಾಡತೇನ್ರಿ."

ಅವಳು ಎರಡು ಮೊಳ ದೂರದಲ್ಲೇ ನಿಂತಿದ್ದಳು. ಅವನು ಫೋನ್ ಇಡುವಷ್ಟರಲ್ಲಿ ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡಿದ್ದಳು.

"ಎಲ್ಲಿಗಿ ಹೊಂಟಿ? ಕುಂದ್ರು," ಎಂದ ಬಾಬಾಸಾಹೇಬ. ದನಿಯಲ್ಲಿ ಸಿಟ್ಟಿರಲಿಲ್ಲ.

"ಲಗೂನ ಕಾಟಾ ಚಾಲೂ ಮಾಡ್ರಿ, ಸಾಹೇಬ್ರ. ಎತ್ತು ಬಿಸಲಾಗ ನಿಂತಾವು."

ಕೆಲಸಕ್ಕೆ ಸೇರಿದಾಗಿನಿಂದ ಅವಳು ಅವನನ್ನು ಸಾಹೇಬರೆಂದು ಕರೆದದ್ದು ಅದೇ ಮೊದಲು. ಧೂಳು ಒಳಗೆ ಬರಬಾರದೆಂದು ಚಪ್ಪಲಿ ಹೊರಗೇ ಬಿಡುವ ನಿಯಮ ಮಾಡಿದವನು ಅವನೇ. ಬಾಗಿಲಾಚೆ ಅವಳು ಚಪ್ಪಲಿ ಮೆಟ್ಟುವ ಸಪ್ಪಳ ಕೇಳಿಸಿತು. ಏಳಬೇಕೆಂದುಕೊಂಡ. ಗಡಿಯಾರ ನೋಡಿ ಕೂತೇ ಉಳಿದ.

ಒಂದೊಂದಾಗಿ ಹನ್ನೊಂದನ್ನೂ ನಿಲ್ಲಿಸಿದ. ತೊಂಬತ್ತೆಂಟು ಅರವತ್ತಾಯಿತು, ಮೂವತ್ತಾಯಿತು, ಒಂಬತ್ತಕ್ಕೆ ಬಂದು ನಿಂತಿತು. ಪ್ರಿಂಟರು ಕರಕರ ಎಂದು ಚೀಟಿ ಹರಿಯತೊಡಗಿತು. ಹೊರಗೆ ಗಾಡಿಗಳ ಕೀಲು ಕಿರುಗುಟ್ಟಿದವು. ಅವಳು ಹೇಳಿದ್ದನ್ನು ಹೇಳಿದಂತೆಯೇ ಒಂದು ಸ್ಕ್ರಿಪ್ಟ್ ಬರೆದಿಟ್ಟ.

ಹನ್ನೆರಡಕ್ಕೆ ಎಂ.ಡಿ. ಸಾಹೇಬರೇ ಫೋನ್ ಮಾಡಿ ಭೇಷ್ ಎಂದರು. ಆ ಹುಡುಗಿಯನ್ನು ಇನ್ನು ಯಂತ್ರದ ಹತ್ತಿರ ಬಿಡಬೇಡ ಎಂದರು. ಬಾಬಾಸಾಹೇಬ ಬಾಯಿ ತೆರೆದ. "ಹೂನ್ರಿ," ಎಂದ.

ಮರುದಿನ ಅವಳು ಬರಲಿಲ್ಲ, ಅದರ ಮರುದಿನವೂ ಇಲ್ಲ. ಹಂಗಾಮು ಮುಗಿಯುವವರೆಗೆ ಕಾಟಾ ಒಂದು ದಿನವೂ ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಬಾಬಾಸಾಹೇಬ ಬಾಗಿಲಾಚೆಯ ಗೋಣಿತಾಟಿನ ಒಂದು ಅಂಚಿಗೆ ತನ್ನ ಚಪ್ಪಲಿ ಬಿಡುತ್ತಿದ್ದ. ಪಕ್ಕದಲ್ಲಿ ಇನ್ನೊಂದು ಜೊತೆ ಹಿಡಿಯುವಷ್ಟು ಜಾಗ ಹಾಗೇ ಇರುತ್ತಿತ್ತು.