ಕೆಲಸಕ್ಕೆ ಹೋಗಿದ್ದಾರೆ

ಗಂಡಸಿಲ್ಲದ ಮನೆಯ ಬಾಗಿಲನ್ನು ಗುರುತಿಲ್ಲದವರು ತಟ್ಟಿದರೆ ಏನು ಹೇಳಬೇಕು ಎಂಬುದನ್ನು ನಾನೂ ನನ್ನ ಮಗಳೂ ಹನ್ನೊಂದು ವರ್ಷದ ಹಿಂದೆಯೇ ಗೊತ್ತು ಮಾಡಿಕೊಂಡಿದ್ದೆವು. “ಯಜಮಾನ್ರು ಕೆಲಸಕ್ಕೆ ಹೋಗಿದ್ದಾರೆ, ಇನ್ನೇನು ಬರ್ತಾರೆ.” ಅಷ್ಟೇ. ಮೀಟರ್ ಓದುವವನಿಗೂ ಅದೇ, ಸಿಲಿಂಡರ್ ಹೊತ್ತು ತರುವವನಿಗೂ ಅದೇ, ಮಹಡಿ ತಪ್ಪಿ ಹತ್ತಿದ ಕುಡುಕನಿಗೂ ಅದೇ. ನನ್ನ ಯಜಮಾನರು ತೀರಿಕೊಂಡು ಹನ್ನೊಂದು ವರ್ಷವಾದರೂ ಬಾಗಿಲ ಹೊರಗೆ ನಿಂತವರ ಪಾಲಿಗೆ ಅವರು ಒಂದು ದಿನವೂ ರಜೆ ಹಾಕಿದವರಲ್ಲ.

ಪಟ್ಟಿಯಮ್ಮ ಬಂದದ್ದು ಒಂದು ಮಧ್ಯಾಹ್ನ. ಆಕೆಯ ನಿಜವಾದ ಹೆಸರು ನಮ್ಮ ಕಟ್ಟಡದಲ್ಲಿ ಯಾರಿಗೂ ಗೊತ್ತಿಲ್ಲ. ನಗರದ ಕಚೇರಿಯಿಂದ ಗುಲಾಬಿ ಹಾಳೆಗಳ ಕಟ್ಟು ಹಿಡಿದು ಮನೆಮನೆ ಸುತ್ತುತ್ತಿದ್ದಳು, ಅದಕ್ಕೇ ಆ ಹೆಸರು. ನಮ್ಮ ಸಾಲು ಹಳೆಯದಾಯಿತು, ಕೆಡವಿ ಹೊಸದು ಕಟ್ಟುತ್ತಾರೆ. ಅದಕ್ಕೆ ಮೊದಲು ಯಾರ ಮನೆಯಲ್ಲಿ ಎಷ್ಟು ಜನ, ಯಾರು ಏನು ಕೆಲಸ ಮಾಡುತ್ತಾರೆ, ವರಮಾನವೆಷ್ಟು, ಯಾರಿಗೆ ಎಂಥ ಮನೆ ಬೇಕು ಎಂದು ಬರೆದುಕೊಳ್ಳಲು ಬಂದಿದ್ದಳು.

“ದುಡಿಯೋರು ಯಾರ್ಯಾರಮ್ಮ ಈ ಮನೇಲಿ?”

“ಮಗಳು. ಗಾರ್ಮೆಂಟ್ಸಲ್ಲಿ ಕಾಲರ್ ಹೊಲೀತಾಳೆ.”

“ಯಜಮಾನ್ರು?”

“ಕೆಲಸಕ್ಕೆ ಹೋಗಿದ್ದಾರೆ.”

ಯೋಚಿಸಿ ಹೇಳಿದ್ದಲ್ಲ. ಕೆಮ್ಮು ಬಂದ ಹಾಗೆ ಬಂತು.

“ಏನು ಕೆಲಸ?”

“ಲಾಂಡ್ರೀಲಿ. ಬಾಯ್ಲರ್ ನೋಡ್ಕೋತಾರೆ.” ಮೂವತ್ತು ವರ್ಷ ಅವರು ಮಾಡಿದ್ದು ಅದನ್ನೇ. ಆಸ್ಪತ್ರೆಗಳ, ಹೋಟೆಲುಗಳ ಬೆಡ್‌ಶೀಟು ಒಗೆಯುವ ದೊಡ್ಡ ಲಾಂಡ್ರಿ, ನಮ್ಮ ಬೀದಿಯ ತುದಿಯಲ್ಲೇ ಇದೆ.

ಆಕೆ ಎಲ್ಲವನ್ನೂ ಬರೆದುಕೊಂಡು, “ಇಬ್ಬರು ದುಡಿಯೋರಿದ್ದೀರಿ, ಬಚಾವಾದ್ರಿ ಬಿಡಿ” ಎಂದು ಮುಂದಿನ ಮನೆಗೆ ಹೋದಳು.

ಯಾವುದರಿಂದ ಬಚಾವಾದೆವೆಂದು ಸಂಜೆ ಮಗಳು ಬಂದ ಮೇಲೆ ತಿಳಿಯಿತು. ಇಬ್ಬರು ದುಡಿಯುವ ಮನೆಗೆ ಇದೇ ಬೀದಿಯಲ್ಲಿ ಎರಡು ಕೋಣೆಯ ಹೊಸ ಮನೆ. ಒಬ್ಬರೇ ಆದರೆ ಊರಾಚೆ ಒಂದು ಕೋಣೆ. ಅಲ್ಲಿಂದ ಕಾರ್ಖಾನೆಗೆ ಮೂರು ಬಸ್ಸು ಬದಲಿಸಬೇಕು. ಎರಡು ದಿನ ಗೇಟು ಮುಚ್ಚಿದ ಮೇಲೆ ಬಂದರೆ ಮೂರನೆಯ ದಿನ ಅವಳ ಮಿಶನ್ನಿನ ಮುಂದೆ ಇನ್ನೊಬ್ಬಳು ಕೂತಿರುತ್ತಾಳೆ.

“ನಾಳೆ ಹೋಗಿ ನಿಜ ಹೇಳಿಬಿಡ್ತೀನಿ ಕಣೇ,” ಎಂದೆ.

ಮಗಳ ನಾಲಿಗೆ ಅವಳ ಕತ್ತರಿಯಷ್ಟೇ ಹರಿತ. “ಸುಮ್ನೆ ಕೂರಮ್ಮ. ಬದುಕಿದ್ದಾಗ ಅಪ್ಪ ಒಂದು ಕಿಟಕಿ ಇರೋ ಮನೆ ಕೊಡಿಸ್ಲಿಲ್ಲ. ಹೋದ ಮೇಲಾದ್ರೂ ಕೊಡಿಸ್ಲಿ.”

“ಸಿಕ್ಕಿಬಿದ್ರೆ?”

“ಸತ್ತವರ ಪುಸ್ತಕ ಒಂದು ಆಫೀಸಲ್ಲಿ, ಇದ್ದವರ ಪಟ್ಟಿ ಇನ್ನೊಂದು ಆಫೀಸಲ್ಲಿ. ಒಂದರ ಮುಖ ಒಂದು ನೋಡಲ್ಲ.”

ಕಿಟಕಿಯ ಮಾತು ಅವಳು ಸುಮ್ಮನೆ ಎತ್ತಿದ್ದಲ್ಲ. ನಮ್ಮ ಕೋಣೆಗೆ ಒಂದು ಕಿಟಕಿ ಇದೆ, ತೆಗೆದರೆ ಕೈಗೆ ಪಕ್ಕದ ಕಟ್ಟಡದ ಗೋಡೆ ಸಿಗುತ್ತದೆ. ಕೊನೆಯ ದಿನಗಳಲ್ಲಿ ಅವರು ಹೇಳುತ್ತಿದ್ದರು: “ಸಾಕಾಯ್ತು ಕಣೇ ನಿಂತು ನಿಂತು. ಇನ್ನು ಕಿಟಕಿ ಹತ್ರ ಕುರ್ಚಿ ಹಾಕ್ಕೊಂಡು ಕೂರ್ಬೇಕು ನಾನು.” ಬೆತ್ತದ ಕುರ್ಚಿಯೊಂದನ್ನು ಹಳೆ ಸಾಮಾನಿನವನಿಂದ ತಂದೆ. ಅದು ಬಂದ ದಿನ ಅವರು ಮೂರನೆಯ ಪಾಳಿಯನ್ನೂ ಸೇರಿಸಿ ಮಾಡುತ್ತಿದ್ದರು. ಅದರಲ್ಲಿ ಒಮ್ಮೆಯೂ ಕೂರದೆ ತೀರಿಕೊಂಡರು.

ಮೂರು ವಾರ ಕಳೆಯಿತು. ಕಚೇರಿಯಿಂದ ಒಂದು ಲಕೋಟೆ ಬಂತು. ಮಗಳು ಓದಿ ಹೇಳಿದಳು: ಲಾಂಡ್ರಿಯಲ್ಲಿ ವಿಚಾರಿಸಿದ್ದಾರೆ, ಯಜಮಾನರು ಕೆಲಸದಲ್ಲಿರುವುದು ಖಚಿತವಾಗಿದೆ, ಕೆಳಗೆ ಅವರದೇ ಹೆಬ್ಬೆಟ್ಟು.

“ನೋಡಿದ್ಯಾ! ಸೂಪರ್‌ವೈಸರ್ ಯಾರದ್ದೋ ಬೆರಳು ಹಿಡಿದು ಒತ್ತಿಸಿ ಕೈ ತೊಳ್ಕೊಂಡಿದ್ದಾನೆ,” ಎಂದು ನಕ್ಕಳು.

ನಾನು ಕಾಗದವನ್ನು ಬೆಳಕಿಗೆ ಹಿಡಿದೆ. ನಾನು ಓದಿದ್ದು ಮೂರನೆಯ ಕ್ಲಾಸು. ಅವರು ಶಾಲೆಯ ಮೆಟ್ಟಿಲನ್ನೂ ಹತ್ತಿದವರಲ್ಲ, ಸಂಬಳಕ್ಕೆ ಹೆಬ್ಬೆಟ್ಟೇ ಒತ್ತುತ್ತಿದ್ದರು. ಮದುವೆಯಾದ ಎರಡನೆಯ ವರ್ಷ ಬಾಯ್ಲರಿನ ಕೊಳವೆ ತಗುಲಿ ಅವರ ಎಡ ಹೆಬ್ಬೆರಳು ಸುಟ್ಟಿತ್ತು. ಇಪ್ಪತ್ತು ದಿನ ನಾನೇ ಮುಲಾಮು ಹಚ್ಚಿದ್ದೆ. ಗಾಯ ಮಾಗಿದ ಮೇಲೆ ಬೆರಳ ತುದಿಯಲ್ಲಿ ಉಗುರಿನಷ್ಟು ಅರ್ಧಚಂದ್ರ ಉಳಿಯಿತು. ಅಲ್ಲಿ ಗೆರೆಗಳಿರಲಿಲ್ಲ. ಶಾಯಿ ಹತ್ತುತ್ತಿರಲಿಲ್ಲ.

ಕಾಗದದ ಮೇಲಿನ ನೀಲಿ ಹೆಬ್ಬೆಟ್ಟಿನ ತುದಿಯಲ್ಲಿ ಅರ್ಧಚಂದ್ರ ಬಿಳಿಯಾಗಿತ್ತು.

ಮಗಳಿಗೆ ಏನೂ ಹೇಳಲಿಲ್ಲ. ಮರುದಿನ ಅವಳು ಕೆಲಸಕ್ಕೆ ಹೋದ ಮೇಲೆ ಲಾಂಡ್ರಿಗೆ ನಡೆದೆ.

ಈಗಿನ ಸೂಪರ್‌ವೈಸರ್ ಬಂದು ಆರು ವರ್ಷ. ನನ್ನ ಯಜಮಾನರನ್ನು ಕಂಡವನಲ್ಲ. “ಬಾಯ್ಲರ್ ನೋಡೋರ ಮನೆಯಿಂದ ಬಂದಿದ್ದೀನಿ,” ಎಂದಾಗ ಕೊಳೆ ಬಟ್ಟೆಯ ಮೂಟೆಗಳನ್ನು ಎಣಿಸುತ್ತಿದ್ದವನು ತಲೆ ಎತ್ತಿದ.

“ಹದಿನೇಳನೇ ಬಿಲ್ಲೆಯವರ ಮನೆಯವರಾ? ಬನ್ನಿ ಅಜ್ಜಿ, ಬನ್ನಿ. ಇಂಥ ಕೆಲಸಗಾರ ಇನ್ನೊಬ್ಬ ಸಿಗಲ್ಲ ಬಿಡಿ. ಮೊದಲನೇ ಪಾಳಿ ಬರೋ ಹೊತ್ತಿಗೆ ಬಾಯ್ಲರ್ ಕಾದು ರೆಡಿ. ಟೀ ಕೇಳಲ್ಲ, ಬೀಡಿ ಕೇಳಲ್ಲ, ಮಾತಂತೂ ಇಲ್ವೇ ಇಲ್ಲ. ಮನೇಲೂ ಹೀಗೇನಾ?”

“ಮನೇಲೂ ಹೀಗೇ,” ಎಂದೆ. “ಯಾವಾಗಿಂದ ಬರ್ತಿದ್ದಾರೆ?”

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. “ನಿಮಗೇ ಗೊತ್ತಿರ್ಬೇಕಲ್ಲಜ್ಜಿ? ಗುಲಾಬಿ ಹಾಳೆಯಮ್ಮ ಈ ಬೀದಿಗೆ ಬಂದಿದ್ರಲ್ಲ, ಅದರ ಮಾರನೇ ದಿನದಿಂದ. ನಾನು ಸೇರಿಸಿಕೊಂಡಿದ್ದಲ್ಲ, ಮಾಲೀಕರು ಕಳಿಸಿರ್ಬೇಕು ಅಂದ್ಕೊಂಡೆ. ಸಂಬಳದ ದಿನ ಮಾತ್ರ ಕಾಣಿಸ್ಲಿಲ್ಲ. ಕವರ್ ಹಂಗೇ ಇದೆ.”

“ಮುಖ ನೋಡಿದ್ದೀಯಾಪ್ಪ?”

“ಬೆನ್ನು ನೋಡಿದ್ದೀನಿ. ಹೆಬ್ಬೆಟ್ಟಿನ ಹಾಳೇನೂ ಬಾಗಿಲ ಹತ್ರ ಇಟ್ಟು ಬಂದಿದ್ದೆ, ಒತ್ತಿಟ್ಟಿದ್ರು. ಅಲ್ಲಿ ಹಬೆ ಅಲ್ವಾ, ಯಾರ ಮುಖ ಯಾರಿಗೆ ಕಾಣುತ್ತೆ?”

ಗೋಡೆಯ ಹಲಗೆಯಲ್ಲಿ ಹಿತ್ತಾಳೆ ಬಿಲ್ಲೆಗಳು ಮೊಳೆಗಳಿಗೆ ನೇತಾಡುತ್ತಿದ್ದವು. ಕೆಲಸದಲ್ಲಿದ್ದರೆ ನಂಬರ್ ಹೊರಗೆ, ಮನೆಗೆ ಹೋದರೆ ಬೋಳು ಬದಿ ಹೊರಗೆ. ಹದಿನೇಳನೆಯದನ್ನು ಹನ್ನೊಂದು ವರ್ಷದ ಹಿಂದೆ ನಾನೇ ತಂದೊಪ್ಪಿಸಿ, ಬೋಳು ಬದಿ ಹೊರಗೆ ಮಾಡಿ ತೂಗುಹಾಕಿದ್ದೆ. ಈಗ ನಂಬರ್ ಹೊರಗಿತ್ತು. ಮುಟ್ಟಿದೆ. ಒಲೆಯಿಂದ ಆಗತಾನೆ ಇಳಿಸಿದ ಪಾತ್ರೆಯ ಹಾಗೆ ಸುಟ್ಟಿತು. ಅಕ್ಕಪಕ್ಕದ ಬಿಲ್ಲೆಗಳು ತಣ್ಣಗಿದ್ದವು.

ಬಾಯ್ಲರ್ ಕೋಣೆಯ ಬಾಗಿಲಲ್ಲಿ ನಿಂತೆ. ಸೋಡಾಪುಡಿಯ ವಾಸನೆ, ಬಿಳಿ ಹಬೆ. ಗಾಲಿಯಂಥ ಹಿಡಿಕೆಯ ಮೇಲೆ ಒದ್ದೆ ಟವೆಲೊಂದನ್ನು ಮೂರು ಮಡಿಕೆ ಮಾಡಿ ಹಾಕಿತ್ತು, ಅಂಚು ಒಳಗೆ. ಹಾಗೆ ಮಡಿಸುವವರು ಈ ಲೋಕದಲ್ಲಿ ಒಬ್ಬರೇ. ನಾನು ಎಷ್ಟು ಬಯ್ದರೂ ಬದಲಾಯಿಸಿರಲಿಲ್ಲ.

ಹಬೆಯೊಳಗೆ ಒಂದು ಬೆನ್ನು ಬಗ್ಗಿತು, ಎದ್ದಿತು, ಬಗ್ಗಿತು. ಬಲಗೈ ಸೊಂಟಕ್ಕೆ ಹೋಯಿತು, ಒಂದು ಕ್ಷಣ ಅಲ್ಲೇ ನಿಂತಿತು. ನೋವಿದ್ದಾಗ ಹಾಗೆ ಮಾಡುತ್ತಿದ್ದರು.

“ರೀ,” ಎಂದೆ.

ಬುಸುಗುಟ್ಟುತ್ತಿದ್ದ ಬಾಯ್ಲರ್ ಸದ್ದಡಗಿಸಿತು. ಬೆನ್ನು ಅಲುಗಲಿಲ್ಲ. ತಿರುಗಲೂ ಇಲ್ಲ. ಕೆಲಸ ಬಿಟ್ಟು ಬಂದರೆ ಯಾರು ಕೇಳುತ್ತಾರೋ ಎಂಬಂತೆ ಮತ್ತೆ ಬಗ್ಗಿತು.

ಭಯವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಭಯಕ್ಕಿಂತ ನಾಚಿಕೆ ಹೆಚ್ಚಾಯಿತು. ಮೂವತ್ತು ವರ್ಷ ದುಡಿದ ಜೀವ. ಸತ್ತಾದರೂ ಕೂತಿತ್ತೋ ಏನೋ. ಒಂದು ಮಾತಿನಿಂದ ನಾನು ಎಬ್ಬಿಸಿ ಮತ್ತೆ ಪಾಳಿಗೆ ಹಚ್ಚಿದ್ದೆ.

ಹೊರಗೆ ಬಂದು ಸೂಪರ್‌ವೈಸರನನ್ನು ಕೇಳಿದೆ: “ಬೆಡ್‌ಶೀಟ್ ಮಡಿಸೋಕೆ ಜನ ಬೇಕಾ?”

“ಯಾರಿಗೆ ಕೆಲಸ?”

“ನನಗೆ.”

“ಅಯ್ಯೋ ಅಜ್ಜಿ, ನಿಮ್ಮನ್ನೇ ಮಡಿಸಿಡೋ ಹಾಗಿದ್ದೀರಿ!” ಎಂದು ನಕ್ಕ. ನಾನು ಮೇಜಿನ ಮೇಲಿದ್ದ ಶೀಟೊಂದನ್ನು ಎಳೆದು, ಕೊಡವಿ, ನಾಲ್ಕು ಏಟಿನಲ್ಲಿ ಮಡಿಸಿ ಅವನ ಕೈಗಿಟ್ಟೆ. ಮೂಲೆಗೆ ಮೂಲೆ ಕೂತಿತ್ತು. ಅವನು ಮೂಲೆಗಳನ್ನು ಬೆರಳಿಂದ ಒತ್ತಿ ನೋಡಿದ. “ಅರ್ಧ ದಿನ ಬರ್ತೀರಾ? ಯಾವ ಬಿಲ್ಲೆ ಕೊಡ್ಲಿ?”

“ಹದಿನೇಳು. ಅವರಿನ್ನು ಬರಲ್ಲ.”

ಕಚೇರಿಗೆ ಹೋಗುವ ದಾರಿಯುದ್ದಕ್ಕೂ ‘ತೀರಿಕೊಂಡಿದ್ದಾರೆ’ ಎಂಬ ಮಾತನ್ನು ಬಾಯಲ್ಲಿ ಇಟ್ಟುಕೊಂಡೇ ಹೋದೆ. ಆದರೆ ಪಟ್ಟಿಯಮ್ಮನ ಮೇಜಿನ ಮೇಲೆ ಅದೇ ನೀಲಿ ಹೆಬ್ಬೆಟ್ಟು ಒತ್ತಿದ ಇನ್ನೊಂದು ಪ್ರತಿ ಇತ್ತು. ಸತ್ತವರ ಹೆಬ್ಬೆಟ್ಟು ಹೇಗೆ ಬಂತು ಎಂದು ಕೇಳಿದರೆ ಸೂಪರ್‌ವೈಸರನ ಕುತ್ತಿಗೆ ಮೊದಲು, ಮಗಳದು ಆಮೇಲೆ.

“ನಮ್ಮ ಯಜಮಾನ್ರು ಕೆಲಸ ಬಿಟ್ರಮ್ಮ. ಅವರ ಬದಲು ನಾನು ಸೇರಿದ್ದೀನಿ. ಬೆಡ್‌ಶೀಟ್ ಮಡಿಸೋದು.”

“ಈ ವಯಸ್ಸಲ್ಲಾ?” ಆಕೆ ಗುಲಾಬಿ ಹಾಳೆ ಹುಡುಕಿ ತೆಗೆದಳು. “ಸರಿ, ಇಬ್ಬರು ದುಡಿಯೋರು ಹಾಗೇ ಉಳೀತೀರಿ. ಮನೆಗೇನೂ ತೊಂದರೆ ಇಲ್ಲ.” ಒಂದು ಸಾಲು ಹೊಡೆದು ಹಾಕಿದಳು. ಪೆನ್ನು ನಿಂತಿತು. “ಮತ್ತೆ ಅವರು? ಈಗ ಏನು ಮಾಡ್ಕೊಂಡಿದ್ದಾರೆ ಅಂತ ಬರೀಲಿ?”

ಆ ಕಾಲಂ ಖಾಲಿ ಬಿಡುವಂತಿಲ್ಲವಂತೆ.

“ಏನಿಲ್ಲ,” ಎಂದೆ. “ಮನೇಲೇ ಇರ್ತಾರೆ.”

ಆಕೆ ಬರೆದಳು. ಬರೆದು ಮುಗಿಸಿ ಚುಕ್ಕಿ ಇಟ್ಟಾಗ ನಾನು ಏನು ಹೇಳಿದೆ ಎಂಬುದು ನನಗೆ ಹೊಳೆಯಿತು. ಅಳಿಸಿ ಎನ್ನಲು ಬಾಯಿ ತೆರೆದೆ. ಸೊಂಟದ ಮೇಲೆ ಕೈಯಿಟ್ಟು ನಿಂತ ಆ ಬೆನ್ನು ನೆನಪಾಯಿತು. ಬಾಯಿ ಮುಚ್ಚಿಕೊಂಡೆ.

ಮನೆಗೆ ಬಂದಾಗ ಮಗಳು ನನಗಿಂತ ಮೊದಲೇ ಬಂದಿದ್ದಳು. ಕೈಯಲ್ಲಿ ಒರೆಸುವ ಬಟ್ಟೆ, ಮುಖ ಬಿಳುಚಿತ್ತು.

“ಅಮ್ಮ, ಅಪ್ಪನ ಕುರ್ಚಿ ಮೇಲೆ ಏನು ಚೆಲ್ಲಿದ್ದೆ? ಒದ್ದೆ ಇದೆ. ಎಷ್ಟು ಒರೆಸಿದ್ರೂ ಒದ್ದೆ. ಬಿಸಿ ಬೇರೆ.”

ಕುರ್ಚಿ ಗೋಡೆಯ ಕಡೆ ತೆರೆಯುವ ಕಿಟಕಿಯ ಹತ್ತಿರ ಇತ್ತು. ಬೆತ್ತ ನಡುವೆ ತಗ್ಗಿತ್ತು. ಕೋಣೆಯ ತುಂಬ ಸೋಡಾಪುಡಿಯ ವಾಸನೆ.

“ಒರೆಸ್ಬೇಡ, ಬಿಡು,” ಎಂದೆ. ಕೂರಿಸಿಕೊಂಡು ಹೆಬ್ಬೆಟ್ಟಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವಳು ಒರೆಸುವ ಬಟ್ಟೆಯನ್ನು ಮಡಿಸಿಟ್ಟಳು. ಕೊನೆಗೆ, “ಹೊಸ ಮನೆ ಕಿಟಕಿ ಬೀದಿ ಕಡೆಗಂತೆ,” ಎಂದಳು, ಕುರ್ಚಿಗೆ ಕೇಳುವಷ್ಟು ಗಟ್ಟಿಯಾಗಿ.

ಹತ್ತು ದಿನದ ಮೇಲೆ ಬೆಳಗ್ಗೆ ಬಾಗಿಲು ತಟ್ಟಿದರು. ಪಟ್ಟಿಯಮ್ಮ, ಹೊಸ ಮನೆಯ ಚೀಟಿ ಹಿಡಿದು ನಿಂತಿದ್ದಳು.

“ಮನೆಯವರೆಲ್ಲ ಇದ್ದೀರಾ? ಒಂದ್ಸಲ ನೋಡ್ಕೊಂಡು ಹೋಗ್ಬೇಕು. ಯಜಮಾನ್ರು?”

“ಕೆಲಸಕ್ಕೆ...” ಎಂದು ಮಗಳ ಬಾಯಿಂದ ಬಂದೇಬಿಟ್ಟಿತ್ತು. ನಾನು ಅವಳ ತೋಳು ಬಿಗಿಯಾಗಿ ಹಿಡಿದೆ.

“ಇಲ್ಲಮ್ಮ. ಮನೇಲೇ ಇದ್ದಾರೆ,” ಎಂದೆ.

ಪಟ್ಟಿಯಮ್ಮ ನನ್ನ ಭುಜದ ಮೇಲಿಂದ ಒಳಗೆ ಇಣುಕಿದಳು. ನನ್ನ ಬೆನ್ನ ಹಿಂದೆ ಬೆತ್ತ ಕಿರುಗುಟ್ಟಿತು. ಆಕೆ ಕೈ ಜೋಡಿಸಿ ನಕ್ಕಳು.

“ಅಯ್ಯೋ, ಏಳ್ಬೇಡಿ ಯಜಮಾನ್ರೇ, ಪರವಾಗಿಲ್ಲ. ನೀವು ಕೂತ್ಕೊಳ್ಳಿ.”