ಎಂಬತ್ತು ಪದಗಳ ಫಲಕ

ನಾಲ್ಕನೇ ಸಲ ಬರೆದುಕೊಟ್ಟ ಫಲಕದ ಬರಹಕ್ಕೂ ಮ್ಯೂಸಿಯಂ ನಿರ್ದೇಶಕರು ಕೆಂಪು ಶಾಯಿ ಬಳಿದು ವಾಪಸು ಕಳಿಸಿದಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮ್ಯೂಸಿಯಂನ ಗೋಡೆಗಳಿಗೆ ಬರಹ ಬರೆಯುವುದು ಹನ್ನೊಂದು ವರ್ಷದಿಂದ ಅವಳ ಕೆಲಸ. ತಿಮಿಂಗಿಲದ ಎಲುಬಿನ ಬಗ್ಗೆ ಬರೆದಾಗ ತಿಮಿಂಗಿಲವೇನೂ ತಕರಾರು ತೆಗೆದಿರಲಿಲ್ಲ. ಈಗ ಬರೆಯಬೇಕಾಗಿದ್ದದ್ದು ಬದುಕಿರುವ ಮನುಷ್ಯರ ಬಗ್ಗೆ. ಜಗತ್ತನ್ನೂ ಜೀವಿಗಳನ್ನೂ ದೇವರೇ ಆರು ದಿನಗಳಲ್ಲಿ ಸೃಷ್ಟಿಸಿದ ಎಂದು ನಂಬುವವರ ಬಗ್ಗೆ, ಎಂಬತ್ತು ಪದ ಮೀರದಂತೆ. ಭೂಮಿಗೆ ನಾನೂರೈವತ್ತು ಕೋಟಿ ವರ್ಷ ಎಂದು ಪುರಾವೆ ಸಮೇತ ಹೇಳುವ ದೊಡ್ಡ ಫಲಕ ಪಕ್ಕದಲ್ಲಿ ಆಗಲೇ ತೂಗುತ್ತಿತ್ತು.

"‘ಇಂದಿಗೂ ಹೀಗೆ ನಂಬುವ ಜನರಿದ್ದಾರೆ’ ಅಂತ ಶುರು ಮಾಡಮ್ಮ. ಸ್ವಲ್ಪ ಖಾರ ಇರಲಿ," ಎಂದರು ನಿರ್ದೇಶಕರು.

ಖಾರ ಬೇಕಿದ್ದರೆ ನಿಮ್ಮ ಊಟಕ್ಕೆ ಹಾಕಿಕೊಳ್ಳಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು.

ಮ್ಯೂಸಿಯಂನಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಯಾರ ನಂಬಿಕೆಯ ಬಗ್ಗೆ ಬರೆದರೂ ಅವರಲ್ಲೊಬ್ಬರು ಓದಿ, ‘ಹೌದು, ಇದು ನಮ್ಮ ಮಾತೇ’ ಎಂದು ಸಹಿ ಹಾಕಬೇಕು. ಸಹಿಯಿಲ್ಲದೆ ಅಚ್ಚಿಲ್ಲ. ಅಚ್ಚಿನವನು ಸಂಜೆ ಐದರವರೆಗೆ ಮಾತ್ರ ಕಾಯುತ್ತೇನೆ ಎಂದಿದ್ದ. ಅವಳಿಗೆ ಗೊತ್ತಿದ್ದ ಅಂಥ ಮನುಷ್ಯ ಒಬ್ಬನೇ, ಒಡಹುಟ್ಟಿದ ಅಣ್ಣ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ.

ಆರು ವರ್ಷದ ಹಿಂದೆ ಊಟದ ಮೇಜಿನ ಮುಂದೆ, ಅವನ ಮಕ್ಕಳೆದುರಿಗೇ, ಅವಳು ಅವನ ನಂಬಿಕೆಯನ್ನು ಹಾಸ್ಯ ಮಾಡಿ ನಕ್ಕಿದ್ದಳು. ಅಂದಿನಿಂದ ಅವರ ಮಾತು ‘ಚೆನ್ನಾಗಿದ್ದೀಯಾ’ ದಾಟಿ ಮುಂದೆ ಹೋಗಿರಲಿಲ್ಲ. ಆ ನಗು ಇವತ್ತಿಗೂ ಅವಳನ್ನು ಚುಚ್ಚುತ್ತಿತ್ತು. ಅವನು ಸಹಿ ಹಾಕಿದರೆ ಕ್ಷಮಿಸಿದ ಹಾಗೆ ಎಂದು ಅವಳು ಯಾರಿಗೂ ಹೇಳದೆ ಅಂದುಕೊಂಡಿದ್ದಳು.

ಅವಳು ಅವನ ಮನೆಗೆ ಹೋದಾಗ ಅಣ್ಣ ತಾರಸಿಯ ಮೇಲೆ ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದ. ಬಗೆಬಗೆಯ ಪಾರಿವಾಳ ಬೆಳೆಸಿ ಮಾರುವುದೇ ಅವನ ಕಸುಬು. ಕನ್ನಡಕ ಏರಿಸಿಕೊಂಡು ಅವಳು ಕೊಟ್ಟ ಹಾಳೆ ಓದಿದ.

"ಯಾರ ಬಗ್ಗೆ ಇದು?"

"ನಿಮ್ಮಂಥೋರ ಬಗ್ಗೇನೇ ಅಣ್ಣ."

"‘ಪ್ರಾಣಿಗಳು ಎಂದೂ ಬದಲಾಗುವುದಿಲ್ಲ ಎನ್ನುತ್ತಾರೆ.’ ಯಾವತ್ತೇ ಅಂದೆ ನಾನು?" ಗೂಡಿನತ್ತ ಕೈ ತೋರಿಸಿದ. "ಬೀಸಣಿಗೆ ಬಾಲದ್ದು ನೋಡು, ಕಾಲಿಗೆ ಗರಿ ಇರೋದು ನೋಡು. ಇಪ್ಪತ್ತು ವರ್ಷದಿಂದ ಬದಲಾಯಿಸ್ತಾ ಕೂತಿರೋನೇ ನಾನು! ದೇವರು ಒಂದೊಂದು ಕುಲಾನ ಬೇರೆ ಬೇರೆ ಸೃಷ್ಟಿ ಮಾಡಿದ. ಕುಲದೊಳಗೆ ಎಷ್ಟು ಬಗೆ ಬೇಕಾದ್ರೂ ಹುಟ್ಟಲಿ. ಒಂದು ಕುಲ ಹೋಗಿ ಇನ್ನೊಂದಾಗಲ್ಲ, ಅಷ್ಟೇ ನಮ್ಮ ಮಾತು."

ಅವಳು ಪೆನ್ಸಿಲ್ ತೆಗೆದಳು.

"‘ವಿಜ್ಞಾನವನ್ನು ತಿರಸ್ಕರಿಸುತ್ತಾರೆ.’ ಇವಕ್ಕೆಲ್ಲ ಲಸಿಕೆ ಹಾಕಿಸೋದು ಯಾರು, ನೀನಾ? ‘ಎಲ್ಲರೂ ಭೂಮಿಗೆ ಆರು ಸಾವಿರ ವರ್ಷ ಎನ್ನುತ್ತಾರೆ.’ ನಾನು ಅಂತೀನಿ. ಪಕ್ಕದ ಬೀದಿ ದರ್ಜಿ ಸೃಷ್ಟಿಯ ಒಂದೊಂದು ದಿನ ಅಂದ್ರೆ ಒಂದೊಂದು ಯುಗ ಅಂತಾನೆ. ಅವನ ಜೊತೆ ಜಗಳ ಆಡಿ ನನ್ನ ಗಂಟಲು ಹರಿದುಹೋಗಿದೆ."

"ಎಂಬತ್ತೇ ಪದ ಅಣ್ಣ! ಇಷ್ಟೆಲ್ಲ ಎಲ್ಲಿ ತುರುಕಲಿ?"

"ಬೈಗುಳ ತೆಗಿ. ಜಾಗ ತಾನಾಗೇ ಆಗುತ್ತೆ."

ಗಂಟೆ ನಾಲ್ಕೂವರೆ. ಅಲ್ಲಿ ನಿರ್ದೇಶಕರು, ಇಲ್ಲಿ ಇವನು. ಅವಳ ತಾಳ್ಮೆಯ ಕಟ್ಟೆ ಒಡೆಯಿತು.

"ನಿನ್ನ ಮಾತನ್ನ ಮಾತ್ರ ಕೂದಲು ಸೀಳಿದ ಹಾಗೆ ಬರೀಬೇಕು, ಅಲ್ವಾ? ನಮ್ಮ ಮಾತನ್ನ ನೀನು ಎಂದಾದ್ರೂ ಸರಿಯಾಗಿ ಹೇಳಿದ್ದೀಯಾ? ಮಂಗ ಹೋಗಿ ಮನುಷ್ಯ ಆಯ್ತು ಅಂತ ಆಡಿಕೊಳ್ತಿದ್ದೋನು ನೀನೇ ತಾನೇ?"

ಅಣ್ಣ ಕೈಯಲ್ಲಿದ್ದ ಕಾಳನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದ.

"ಆಡಿಕೊಳ್ತಿದ್ದೆ, ನಿಜ. ಮಂಗ ಮನುಷ್ಯ ಆಗಲಿಲ್ಲ. ಇಬ್ಬರಿಗೂ ಹಿರೀಕರು ಒಬ್ಬರೇ, ಆಮೇಲೆ ಕವಲು ಬೇರೆಯಾಯ್ತು. ಹುಟ್ಟೋ ಮರಿಗಳಲ್ಲಿ ಚೂರುಪಾರು ವ್ಯತ್ಯಾಸ ಇರುತ್ತೆ. ಬದುಕೋಕೆ, ಮರಿ ಮಾಡೋಕೆ ಅನುಕೂಲ ಆಗೋದು ಮುಂದಿನ ಪೀಳಿಗೆಗೆ ಹೆಚ್ಚು ಹೋಗುತ್ತೆ. ಕೋಟ್ಯಂತರ ವರ್ಷ ಹಾಗೇ ಸೇರ್ತಾ ಹೋದ್ರೆ ಹೊಸ ಕುಲಾನೇ ಆಗುತ್ತೆ. ಆರಿಸೋಕೆ ನನ್ನಂಥೋನು ಒಬ್ಬ ಕೂತಿರಬೇಕಿಲ್ಲ. ಇದು ನಿಮ್ಮ ಮಾತು. ನಾನು ಒಪ್ಪಲ್ಲ. ಸರಿಯಾಗಿ ಹೇಳಿದ್ನಾ?"

ಅವಳು ತಪ್ಪು ಹುಡುಕಿದಳು. ತಿದ್ದಲು ಏನೂ ಸಿಗಲಿಲ್ಲ, ಅವನು ಹೇಳಿದ್ದರಲ್ಲಿ ಒಂದು ಕುಹಕದ ಮಾತೂ ಇರಲಿಲ್ಲ.

"ಎಲ್ಲಿ ಓದಿದೆ?"

"ನಿನ್ನ ಗೋಡೆ ಮೇಲೆ. ಹೊಸ ಫಲಕ ಹಾಕಿದಾಗಲೆಲ್ಲ ಮಕ್ಕಳನ್ನ ಕರ್ಕೊಂಡು ಬರ್ತೀನಲ್ಲ. ನಿಮ್ಮತ್ತೆ ಬರೆದಿರೋದು, ಪೂರ್ತಿ ಓದಿ ಅಂತೀನಿ."

ಅವನು ಬಂದು ಹೋಗುತ್ತಿದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ನಾಲ್ಕು ಸಲ ಅವಳು ಈ ಫಲಕ ಬರೆದಿದ್ದಳು. ನಾಲ್ಕು ಸಲವೂ ಅವನನ್ನು ಒಂದು ಮಾತು ಕೇಳಿರಲಿಲ್ಲ.

ಫೋನ್ ಬಡಿದುಕೊಳ್ಳತೊಡಗಿತು. ಅಚ್ಚಿನವನು. ಅವಳು ಅದನ್ನು ಆಫ್ ಮಾಡಿ ಚೀಲಕ್ಕೆ ಹಾಕಿದಳು. ಕೆಂಪು ಶಾಯಿಯ ಹಾಳೆಯನ್ನು ನಾಲ್ಕು ಚೂರು ಮಾಡಿ, ಕಾಳಿನ ಮೂಟೆಯ ಮೇಲೆ ಕೂತು, ಖಾಲಿ ಹಾಳೆಯೊಂದನ್ನು ತೊಡೆಯ ಮೇಲಿಟ್ಟುಕೊಂಡಳು.

"ಹೇಳು ಅಣ್ಣ," ಎಂದಳು. "ಮೊದಲನೇ ದಿನದಿಂದ ಹೇಳು."